ಮೊದಲ ಹವಳದ ತೊಟ್ಟಿ: ಉಪ್ಪುನೀರು ಹದಗೊಳಿಸುವುದರಿಂದ ಹವಳ ಕೂರಿಸುವವರೆಗೆ

ಮನೆಯಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟು ಹವಳ ಬೆಳೆಸಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು, ಯಾವ ಮೀನು ತರಬೇಕು ಎಂದು. ಈ ಪ್ರಶ್ನೆಗೆ ಉತ್ತರ ಬೇಕಾಗುವುದು ತೊಟ್ಟಿಗೆ ನೀರು ತುಂಬಿ ಒಂದೆರಡು ತಿಂಗಳಾದ ಮೇಲೆ. ಅದಕ್ಕೂ ಮೊದಲು ತೊಟ್ಟಿಯ ಗಾತ್ರ, ಅದನ್ನು ಇಡುವ ಜಾಗ, ನೀರಿನ ಮೂಲ, ಕಲ್ಲು, ಬೆಳಕು ಎಲ್ಲವೂ ತೀರ್ಮಾನವಾಗಿರಬೇಕು. ಹವಳಗಳು ಬೆಳೆಯುವ ಸಮುದ್ರದಲ್ಲಿ ಉಷ್ಣಾಂಶ, ಲವಣಾಂಶ ಮತ್ತು ಕ್ಷಾರೀಯತೆ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ದಿನದಿಂದ ದಿನಕ್ಕೆ ಹೆಚ್ಚು ಬದಲಾಗುವುದಿಲ್ಲ, ಅಲ್ಲಿನ ಜೀವಿಗಳು ಆ ಸ್ಥಿರತೆಗೆ ಒಗ್ಗಿಕೊಂಡಿವೆ. ಅಳತೆ ಪುಸ್ತಕದ ಲೆಕ್ಕಕ್ಕಿಂತ ತುಸು ಹೆಚ್ಚುಕಡಿಮೆ ಇದ್ದರೂ ಹವಳ ಹೊಂದಿಕೊಳ್ಳುತ್ತದೆ. ಆದರೆ ಆ ಅಳತೆ ಇಂದು ಒಂದು, ನಾಳೆ ಮತ್ತೊಂದು ಆದರೆ ಅದು ತಾಳಿಕೊಳ್ಳುವುದಿಲ್ಲ. ಮುಂದೆ ಹೇಳುವ ಹೆಚ್ಚಿನ ಸಲಹೆಗಳು ಈ ಏರುಪೇರನ್ನು ತಡೆಯುವುದಕ್ಕಾಗಿಯೇ ಇವೆ.

ಗಾತ್ರ ಮತ್ತು ಜಾಗ

ಮೊದಲ ತೊಟ್ಟಿ ಚಿಕ್ಕದಾಗಿದ್ದರೆ ಸುಲಭ ಎಂಬ ನಂಬಿಕೆ ಸಹಜವಾದರೂ ಸರಿಯಲ್ಲ. 40 ಲೀಟರಿನ ತೊಟ್ಟಿಯಲ್ಲಿ ಒಂದು ಲೀಟರ್ ನೀರು ಆವಿಯಾದರೆ, ಉಪ್ಪು ಹಿಂದೆಯೇ ಉಳಿಯುವುದರಿಂದ, ಲವಣಾಂಶ ಸಾವಿರಕ್ಕೆ 35ರಿಂದ ಸುಮಾರು 36ಕ್ಕೆ ಏರುತ್ತದೆ. ಅಷ್ಟೇ ನೀರು 200 ಲೀಟರಿನ ತೊಟ್ಟಿಯಿಂದ ಹೋದರೆ ಲವಣಾಂಶ 35.2ನ್ನು ದಾಟುವುದಿಲ್ಲ. ಸತ್ತ ಬಸವನಹುಳು, ಅತಿಯಾದ ಆಹಾರ, ಕೆಟ್ಟ ಹೀಟರ್ ಇವೆಲ್ಲಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಆದ್ದರಿಂದ 150ರಿಂದ 250 ಲೀಟರಿನ ನಡುವಿನ ತೊಟ್ಟಿ ಹೊಸಬರಿಗೆ ಹದವಾದದ್ದು. ಅದು ತಪ್ಪುಗಳನ್ನು ಒಂದು ಮಿತಿಯವರೆಗೆ ಸಹಿಸುತ್ತದೆ, ನೀರು ಬದಲಾಯಿಸುವ ಕೆಲಸವೂ ಹೊರೆಯಾಗುವುದಿಲ್ಲ.

90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ತೊಟ್ಟಿ ಹಿಡಿಯುವ ನೀರು ಸುಮಾರು 182 ಲೀಟರ್. ಗಾಜು, ಕಲ್ಲು, ಮರಳು, ಸ್ಟ್ಯಾಂಡ್ ಎಲ್ಲ ಸೇರಿದರೆ ಒಟ್ಟು ತೂಕ 300 ಕಿಲೋಗ್ರಾಂ ಹತ್ತಿರ ಬರುತ್ತದೆ. ನೆಲ ಗಟ್ಟಿಯಾಗಿರಬೇಕು, ಸ್ಟ್ಯಾಂಡ್ ಎಲ್ಲ ದಿಕ್ಕಿನಲ್ಲೂ ಮಟ್ಟವಾಗಿರಬೇಕು. ಒಂದು ಮೂಲೆ ತುಸು ತಗ್ಗಿದ್ದರೂ ಗಾಜಿನ ಜೋಡಣೆಯ ಮೇಲೆ ಒತ್ತಡ ಬಿದ್ದು ಕೆಲವು ತಿಂಗಳಲ್ಲಿ ಸೋರಿಕೆ ಕಾಣಿಸಬಹುದು. ನೇರ ಬಿಸಿಲು ಬೀಳುವ ಕಿಟಕಿಯ ಪಕ್ಕ ತೊಟ್ಟಿ ಇಡಬೇಡಿ. ಬಿಸಿಲಿಗೆ ನೀರು ಕಾಯುತ್ತದೆ, ಪಾಚಿಯೂ ಹೆಚ್ಚುತ್ತದೆ. ವಿದ್ಯುತ್ ಸಾಕೆಟ್ ತೊಟ್ಟಿಗಿಂತ ಮೇಲೆ ಅಥವಾ ಬದಿಗೆ ಇರಲಿ. ಪ್ರತಿಯೊಂದು ತಂತಿಯೂ ಸಾಕೆಟ್ಟಿಗಿಂತ ಕೆಳಕ್ಕೆ ಒಮ್ಮೆ ಜೋತುಬಿದ್ದು ಮತ್ತೆ ಮೇಲೇರಿ ಸಾಕೆಟ್ಟಿಗೆ ಸೇರಿದರೆ, ತಂತಿಯ ಗುಂಟ ಇಳಿಯುವ ನೀರು ಆ ತಗ್ಗಿನಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹಾಯಿಸುವುದರಿಂದ, ಸೋರಿಕೆಯಾದ ಕೂಡಲೇ ವಿದ್ಯುತ್ ಕಡಿದುಹಾಕುವ ಸುರಕ್ಷಾ ಸ್ವಿಚ್ ಇಲ್ಲದೆ ಈ ಹವ್ಯಾಸಕ್ಕೆ ಕೈಹಾಕಬಾರದು.

ತೊಟ್ಟಿಯ ಕೆಳಗೆ ಸಂಪ್ ಎಂಬ ಎರಡನೆಯ ತೊಟ್ಟಿ ಇಟ್ಟುಕೊಂಡರೆ ಹೀಟರ್, ಕಶ್ಮಲ ತೆಗೆಯುವ ಸ್ಕಿಮ್ಮರ್ ಎಲ್ಲವೂ ಕಣ್ಣಿಗೆ ಬೀಳದೆ ಅಲ್ಲಿ ಕುಳಿತುಕೊಳ್ಳುತ್ತವೆ, ಒಟ್ಟು ನೀರಿನ ಪ್ರಮಾಣವೂ ಹೆಚ್ಚುತ್ತದೆ. ಸಂಪ್ ಇಟ್ಟವರು ಮೊದಲ ದಿನವೇ ಒಂದು ಪರೀಕ್ಷೆ ಮಾಡಬೇಕು: ಎಲ್ಲವೂ ಓಡುತ್ತಿರುವಾಗ, ಸಂಪಿನಿಂದ ನೀರನ್ನು ಮೇಲಕ್ಕೆ ಕಳಿಸುವ ರಿಟರ್ನ್ ಪಂಪಿನ ವಿದ್ಯುತ್ ತೆಗೆದು, ಮೇಲಿನಿಂದ ಹಿಂದಿರುಗುವ ನೀರನ್ನು ಸಂಪ್ ಪೂರ್ತಿ ಹಿಡಿಯುತ್ತದೆಯೇ ಎಂದು ನೋಡಬೇಕು. ಹಿಡಿಯದಿದ್ದರೆ ಸಂಪಿನಲ್ಲಿ ನೀರಿನ ಮಟ್ಟ ಇಳಿಸಿ, ಮಟ್ಟ ಇರಬೇಕಾದ ಜಾಗಕ್ಕೆ ಗಾಜಿನ ಮೇಲೆ ಗೆರೆ ಎಳೆದಿಡಿ.

ಯಾವುದಕ್ಕೆ ಖರ್ಚು ಮಾಡಬೇಕು

ಹಣ ಸೀಮಿತವಾಗಿದ್ದರೆ ಬೆಳಕು, ನೀರು ಶುದ್ಧೀಕರಣ ಮತ್ತು ಅಳತೆಯ ಸಾಧನಗಳಲ್ಲಿ ಉಳಿತಾಯ ಮಾಡಬೇಡಿ, ಉಳಿದವುಗಳಲ್ಲಿ ಮಾಡಿ. ಹವಳದ ಅಂಗಾಂಶದೊಳಗೆ ಏಕಕೋಶದ ಪಾಚಿಗಳು ನೆಲೆಸಿದ್ದು, ಅವು ಬೆಳಕಿನಿಂದ ತಯಾರಿಸುವ ಆಹಾರದ ದೊಡ್ಡ ಪಾಲು ಹವಳಕ್ಕೆ ಸಲ್ಲುತ್ತದೆ. ಹಾಗಾಗಿ ಬೆಳಕು ಇಲ್ಲಿ ಅಲಂಕಾರವಲ್ಲ. ಹವಳಕ್ಕೆಂದೇ ತಯಾರಾದ ಎಲ್‌ಇಡಿ ದೀಪದಲ್ಲಿ 400ರಿಂದ 480 ನ್ಯಾನೋಮೀಟರ್ ತರಂಗಾಂತರದ ನೇರಳೆ ಮತ್ತು ನೀಲಿ ಬೆಳಕು ಧಾರಾಳವಾಗಿರುತ್ತದೆ. ಬೆಳಕಿನ ಉಪಯುಕ್ತ ತೀವ್ರತೆಯನ್ನು ಹವ್ಯಾಸಿಗಳು ಪಾರ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಮೃದು ಹವಳಗಳಿಗೆ 50ರಿಂದ 150, ದೊಡ್ಡ ಪಾಲಿಪ್ (ಹವಳದ ಬಾಯಿ ಮತ್ತು ಎಳೆಗಳಿರುವ ಒಂದೊಂದು ಜೀವಿ) ಇರುವ, ಗಟ್ಟಿ ಅಸ್ಥಿಪಂಜರದ ಕಲ್ಲುಹವಳಗಳಿಗೆ 100ರಿಂದ 200 ಸಾಕು. ಸಣ್ಣ ಪಾಲಿಪ್‌ನ ಅಕ್ರೋಪೋರಾ ಜಾತಿಯವು 200ಕ್ಕಿಂತ ಹೆಚ್ಚು ಬೇಡುತ್ತವೆ.

ನೀರಿನ ಚಲನೆಗೆ ಒಂದು ದೊಡ್ಡ ಪವರ್‌ಹೆಡ್ (ತೊಟ್ಟಿಯೊಳಗೆ ಮುಳುಗಿ ನೀರು ತಳ್ಳುವ ಪಂಪ್) ಬದಲು ಎರಡು ಚಿಕ್ಕವನ್ನು ಎದುರುಬದುರಾಗಿ ಇಡಿ. ಗಂಟೆಗೆ ಒಟ್ಟು ತೊಟ್ಟಿಯ ನೀರಿನ ಹತ್ತರಿಂದ ಇಪ್ಪತ್ತು ಪಟ್ಟು ಚಲನೆ ಮೃದು ಹವಳಗಳಿಗೆ ಸಾಕು, ಆದರೆ ರಭಸದ ನೇರ ಧಾರೆ ಯಾವ ಹವಳಕ್ಕೂ ತಾಗಬಾರದು. ಹೀಟರ್ ಕೂಡ ಎರಡಿರಲಿ. ಲೀಟರಿಗೆ ಸುಮಾರು ಒಂದು ವ್ಯಾಟ್ ಲೆಕ್ಕದಲ್ಲಿ 200 ಲೀಟರಿಗೆ 100 ವ್ಯಾಟಿನ ಎರಡು ಹೀಟರ್‌ಗಳನ್ನು ಹಾಕಿದರೆ, ಒಂದು ಕೆಟ್ಟು ಉರಿಯುತ್ತಲೇ ಉಳಿದರೂ ನೀರು ಕುದಿಯುವಷ್ಟು ಕಾಯುವುದಿಲ್ಲ, ಒಂದು ಆರಿಹೋದರೂ ಇನ್ನೊಂದು ಕೈಹಿಡಿಯುತ್ತದೆ. 24ರಿಂದ 26 ಡಿಗ್ರಿ ಸೆಲ್ಸಿಯಸ್ ನಡುವೆ ಒಂದು ಅಂಕ ಆರಿಸಿ ಅಲ್ಲಿಯೇ ನಿಲ್ಲಿಸಬೇಕು. ಸೆಖೆಯ ಪ್ರದೇಶಗಳಲ್ಲಿ ಸಮಸ್ಯೆ ತಿರುವುಮುರುವಾಗಿರುತ್ತದೆ. ಅಲ್ಲಿ ನೀರಿನ ಮೇಲ್ಮೈಗೆ ಗಾಳಿ ಬೀಸುವ ಸಣ್ಣ ಫ್ಯಾನ್ ಒಂದೆರಡು ಡಿಗ್ರಿ ಇಳಿಸುತ್ತದೆ, ಅದಕ್ಕೂ ಬಗ್ಗದಿದ್ದರೆ ಚಿಲ್ಲರ್ ಅನಿವಾರ್ಯ.

ಪ್ರೋಟೀನ್ ಸ್ಕಿಮ್ಮರ್ ಸೂಕ್ಷ್ಮ ಗುಳ್ಳೆಗಳನ್ನು ಎಬ್ಬಿಸಿ, ಗುಳ್ಳೆಗೆ ಅಂಟುವ ಕರಗಿದ ಸಾವಯವ ಕಶ್ಮಲವನ್ನು ನೊರೆಯ ರೂಪದಲ್ಲಿ ಹೊರತೆಗೆಯುವ ಸಾಧನ. 100 ಲೀಟರಿಗಿಂತ ಚಿಕ್ಕ ತೊಟ್ಟಿಗೆ ಅದು ಇಲ್ಲದೆಯೂ ನಡೆಯುತ್ತದೆ, ದೊಡ್ಡದಕ್ಕೆ ಇರುವುದು ಒಳ್ಳೆಯದು. ಆವಿಯಾದಷ್ಟು ನೀರನ್ನು ತಾನೇ ತುಂಬುವ ಸ್ವಯಂಚಾಲಿತ ಟಾಪ್ ಆಫ್ ಸಾಧನವನ್ನು ಅನೇಕರು ಐಷಾರಾಮ ಎಂದುಕೊಂಡು ಮುಂದೂಡುತ್ತಾರೆ. ನನ್ನ ಮಟ್ಟಿಗೆ ಅದು ಸ್ಕಿಮ್ಮರಿಗಿಂತ ಮೊದಲು ಬರಬೇಕು.

ನೀರು ಮತ್ತು ಉಪ್ಪು

ನಲ್ಲಿನೀರಿನಲ್ಲಿ ಕ್ಲೋರಿನ್ ಇರಬಹುದು, ಕೆಲವೆಡೆ ಕ್ಲೋರಮಿನ್, ಕೊಳವೆಗಳಿಂದ ಇಳಿದ ತಾಮ್ರ, ಸಿಲಿಕೇಟ್, ಫಾಸ್ಫೇಟ್ ಕೂಡ ಇರಬಹುದು. ತಾಮ್ರ ಅತ್ಯಲ್ಪ ಪ್ರಮಾಣದಲ್ಲಿಯೂ ಸೀಗಡಿ, ಬಸವನಹುಳು, ಹವಳಗಳಿಗೆ ವಿಷ. ಆದ್ದರಿಂದ ಆರ್‌ಒ ಪೊರೆಯ ಮೂಲಕ ಹಾದು ಬಳಿಕ, ಉಳಿದ ಅಯಾನುಗಳನ್ನು ಹಿಡಿಯುವ ಡಿಐ ರಾಳದ ಕೊಳವೆಯಲ್ಲಿ ಸೋಸಿದ ನೀರನ್ನೇ ಬಳಸಿ. ಕುಡಿಯುವ ನೀರಿನ ಆರ್‌ಒ ಯಂತ್ರದಲ್ಲಿ ಸಾಮಾನ್ಯವಾಗಿ ಈ ಕೊನೆಯ ಹಂತ ಇರುವುದಿಲ್ಲ, ಕೆಲವು ಯಂತ್ರಗಳು ಖನಿಜಗಳನ್ನು ಮರಳಿ ಸೇರಿಸುತ್ತವೆ. ನೀರಿನಲ್ಲಿ ಕರಗಿದ ವಸ್ತುಗಳನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಅಂಕ ಏರತೊಡಗಿದರೆ ರಾಳ ತೀರಿದೆ ಎಂದು ಅರ್ಥ.

ಉಪ್ಪೆಂದರೆ ಅಡುಗೆಯ ಉಪ್ಪಲ್ಲ, ಹವಳದ ತೊಟ್ಟಿಗೆಂದೇ ಮಾರುವ ಸಮುದ್ರ ಲವಣದ ಮಿಶ್ರಣ. ಒಂದು ಲೀಟರ್ ನೀರಿಗೆ ಸುಮಾರು 36ರಿಂದ 38 ಗ್ರಾಂ ಬೇಕಾಗುತ್ತದೆ, ಅಂದರೆ 20 ಲೀಟರಿನ ಬಕೆಟ್ಟಿಗೆ ಮುಕ್ಕಾಲು ಕಿಲೋದ ಆಸುಪಾಸು. ಮೊದಲು ಬಕೆಟ್ಟಿಗೆ ನೀರು ತುಂಬಿ, ಸಣ್ಣ ಪಂಪ್ ಓಡಿಸಿ, ನೀರು ಸುತ್ತುತ್ತಿರುವಾಗ ಉಪ್ಪನ್ನು ಸ್ವಲ್ಪಸ್ವಲ್ಪವಾಗಿ ಸುರಿಯಿರಿ. ಉಪ್ಪಿನ ರಾಶಿಯ ಮೇಲೆ ನೀರು ಹೊಯ್ದರೆ ತಳದಲ್ಲಿ ಸಾಂದ್ರತೆ ವಿಪರೀತವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಪುಡಿಯಾಗಿ ಕೂತುಬಿಡುತ್ತದೆ, ಅದು ಮತ್ತೆ ಕರಗುವುದಿಲ್ಲ. ಮೊದಲು ಹಾಲಿನಂತೆ ಮಬ್ಬಾದ ನೀರು ಬಕೆಟ್ಟಿನ ತಳ ಕಾಣುವಷ್ಟು ತಿಳಿಯಾದ ಮೇಲೆ, ನೀರಿನ ಉಷ್ಣಾಂಶ ತೊಟ್ಟಿಯದಕ್ಕೆ ಸಮವಾದ ಮೇಲೆ ಅಳೆಯಿರಿ.

ಅಳೆಯುವುದಕ್ಕೆ ರಿಫ್ರ್ಯಾಕ್ಟೋಮೀಟರ್ ಇರಲಿ. ಅದರ ಓರೆ ಗಾಜಿನ ಮೇಲೆ ಎರಡು ಹನಿ ಹಾಕಿ, ಗುಳ್ಳೆ ಉಳಿಯದಂತೆ ಮುಚ್ಚಳ ಇಳಿಸಿ, ಅರ್ಧ ನಿಮಿಷ ಬಿಟ್ಟು ಬೆಳಕಿನತ್ತ ಹಿಡಿದು ನೋಡಿದರೆ ಮೇಲೆ ನೀಲಿ, ಕೆಳಗೆ ಬಿಳಿ; ಎರಡೂ ಕೂಡುವ ಗೆರೆಯೇ ಅಂಕ. ಸಾವಿರಕ್ಕೆ 35, ಅಂದರೆ ಸಾಪೇಕ್ಷ ಸಾಂದ್ರತೆ ಸುಮಾರು 1.026 ಬರಬೇಕು. ಈ ಸಾಧನವನ್ನು ಬರಿಯ ಶುದ್ಧ ನೀರಿನಿಂದ ಸೊನ್ನೆಗೆ ಹೊಂದಿಸಿದರೆ ಮೇಲಿನ ತುದಿಯಲ್ಲಿ ದೋಷ ಉಳಿಯಬಹುದು, ಹಾಗಾಗಿ 35ರ ಪ್ರಮಾಣಿತ ದ್ರಾವಣದಿಂದ ತಿಂಗಳಿಗೊಮ್ಮೆ ಹೊಂದಿಸಿ. ಮುಳ್ಳು ಆಡುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಅಗ್ಗವಾದರೂ ಮುಳ್ಳಿಗೆ ಗುಳ್ಳೆ ಅಂಟಿದರೆ ಸುಳ್ಳು ಹೇಳುತ್ತದೆ.

ಇಲ್ಲಿ ಹೊಸಬರು ತಪ್ಪದೆ ಎಡವುವ ಒಂದು ಸಂಗತಿಯಿದೆ. ಆವಿಯಾದ ನೀರಿನ ಜಾಗಕ್ಕೆ ಉಪ್ಪಿಲ್ಲದ ಶುದ್ಧ ನೀರನ್ನೇ ಸೇರಿಸಬೇಕು. ತೊಟ್ಟಿಯಿಂದ ನೀವು ಹೊರತೆಗೆದ ನೀರಿನ ಜಾಗಕ್ಕೆ ಮಾತ್ರ ಉಪ್ಪುನೀರು.

ಕಲ್ಲು ಮತ್ತು ಮರಳು

ತೊಟ್ಟಿಯ ನಿಜವಾದ ಫಿಲ್ಟರ್ ಕಲ್ಲು. ರಂಧ್ರಗಳಿಂದ ತುಂಬಿದ ಹಗುರ ಕಲ್ಲಿನೊಳಗೆ ಅಮೋನಿಯವನ್ನು ಜೀರ್ಣಿಸುವ ಬ್ಯಾಕ್ಟೀರಿಯಾ ನೆಲೆಸುತ್ತವೆ. ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬವರು 1960ರ ದಶಕದ ಆರಂಭದಲ್ಲಿ ಸಮುದ್ರದಿಂದ ತಂದ ಜೀವಂತ ಕಲ್ಲು ಮತ್ತು ಗಾಳಿಯ ಗುಳ್ಳೆಗಳಿಂದಲೇ ತೊಟ್ಟಿ ನಡೆಸಿ ತೋರಿಸಿದ್ದರು. ಅಂದಿನಿಂದ ಸಾಧನಗಳು ಎಷ್ಟೋ ಬದಲಾದರೂ ಕಲ್ಲಿನ ಪಾತ್ರ ಬದಲಾಗಿಲ್ಲ. ಇಂದು ಆಯ್ಕೆ ಎರಡು. ಸಮುದ್ರದ ಜೀವಂತ ಕಲ್ಲು ಜೀವವೈವಿಧ್ಯವನ್ನು ತರುತ್ತದೆ, ಜೊತೆಗೆ ಬೇಡದ ಏಡಿ, ಹುಳು, ಐಪ್ಟೇಶಿಯಾ ಎಂಬ ಕಳೆಯಂಥ ಅನಿಮೋನಿಯನ್ನೂ (ಕುಟುಕು ಎಳೆಗಳಿರುವ ಹೂವಿನಂಥ ಪ್ರಾಣಿ) ತರಬಹುದು. ಒಣಕಲ್ಲು ಕೀಟಮುಕ್ತ, ಆದರೆ ಹದಕ್ಕೆ ಬರಲು ಹೆಚ್ಚು ಕಾಲ ಹಿಡಿಯುತ್ತದೆ. ಸಮುದ್ರದಿಂದ ಕಿತ್ತು ತರುವ ಅಗತ್ಯವಿಲ್ಲದ್ದರಿಂದ ನಾನು ಒಣಕಲ್ಲಿನ ಪರ. ಜೊತೆಗೆ ನಂಬಿಕಸ್ಥರ ಹಳೆಯ, ರೋಗವಿಲ್ಲದ ತೊಟ್ಟಿಯಿಂದ ಒಂದು ಸಣ್ಣ ತುಂಡು ಸಿಕ್ಕರೆ ಎರಡರ ಲಾಭವೂ ಆಗುತ್ತದೆ. ಹತ್ತು ಲೀಟರಿಗೆ ಸುಮಾರು ಒಂದು ಕಿಲೋ ಎಂಬ ರೂಢಿಯ ಲೆಕ್ಕ ಇದೆ. ಹಗುರವಾದ ಕಲ್ಲಾದರೆ ಅದಕ್ಕಿಂತ ಕಡಿಮೆಯೂ ಸಾಕು.

ಕಲ್ಲನ್ನು ತೊಟ್ಟಿಯ ತಳದ ಮೇಲೆ ನೇರವಾಗಿ ಕೂರಿಸಿ, ಅನಂತರ ಮರಳು ಸುರಿಯಿರಿ. ಮರಳಿನ ಮೇಲೆ ಕಲ್ಲಿಟ್ಟರೆ, ತೋಡುವ ಮೀನು ಕೆಳಗೆ ಬಿಲ ಕೊರೆದು ಕಲ್ಲುರಾಶಿಯನ್ನೇ ಉರುಳಿಸೀತು. ಹಿಂದಿನ ಗಾಜಿಗೆ ಒರಗಿಸದೆ ಸುತ್ತಲೂ ಕೈ ಹೋಗುವಷ್ಟು ಜಾಗ ಬಿಡಿ, ನೀರು ಎಲ್ಲ ಕಡೆಯಿಂದ ಹರಿಯಬೇಕು, ಗಾಜು ಉಜ್ಜಲೂ ಜಾಗ ಬೇಕು. ಮರಳು ಅರಾಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟಿನ ಖನಿಜ) ಬಗೆಯದಾಗಿದ್ದು ಮೂರರಿಂದ ಐದು ಸೆಂಟಿಮೀಟರ್ ದಪ್ಪ ಹರಡಿದರೆ ಸಾಕು.

ಸೈಕಲ್: ಕಾಣದ ಜೀವಿಗಳ ಕೃಷಿ

ಮೀನಿನ ವಿಸರ್ಜನೆ, ಕೊಳೆತ ಆಹಾರ ಎಲ್ಲವೂ ಅಮೋನಿಯವಾಗುತ್ತವೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಸಮುದ್ರ ನೀರಿನ ಪಿಎಚ್ 8.2ರ ಹತ್ತಿರ ಇರುವುದರಿಂದ ಅಮೋನಿಯದ ವಿಷಕಾರಿ ರೂಪ ಸಿಹಿನೀರಿಗಿಂತ ಇಲ್ಲಿ ಹೆಚ್ಚಿರುತ್ತದೆ. ಆದ್ದರಿಂದ ಈ ಬ್ಯಾಕ್ಟೀರಿಯಾ ನೆಲೆಯೂರುವ ಮುನ್ನ ಯಾವ ಜೀವಿಯನ್ನೂ ತರಬಾರದು. ಗಟ್ಟಿಮೀನೊಂದನ್ನು ಬಿಟ್ಟು ಅದು ಬದುಕಿದರೆ ತೊಟ್ಟಿ ಸಿದ್ಧ ಎನ್ನುವ ಹಳೆಯ ಪದ್ಧತಿ ಕ್ರೂರವಷ್ಟೇ ಅಲ್ಲ, ಅನಗತ್ಯ ಕೂಡ.

ವಿಧಾನ ಹೀಗಿದೆ. ತೊಟ್ಟಿಯಲ್ಲಿ ಉಪ್ಪುನೀರು, ಕಲ್ಲು, ಮರಳು ಸೇರಿ ಪಂಪ್ ಮತ್ತು ಹೀಟರ್ ಓಡುತ್ತಿರಲಿ, ದೀಪ ಆರಿರಲಿ. ಪರಿಮಳ, ಸೋಪಿನ ಅಂಶ ಇಲ್ಲದ ಅಮೋನಿಯಂ ಕ್ಲೋರೈಡ್ ದ್ರಾವಣವನ್ನು ಪರೀಕ್ಷಾ ಕಿಟ್ 2 ಪಿಪಿಎಂ (ಹತ್ತು ಲಕ್ಷಕ್ಕೆ ಎರಡು ಪಾಲು) ತೋರಿಸುವವರೆಗೆ ಹಾಕಿ. ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಸೇರಿಸಿದರೆ ಅವಧಿ ಕಡಿಮೆಯಾಗುತ್ತದೆ. ಎರಡು ದಿನಕ್ಕೊಮ್ಮೆ ಅಳೆದು ದಿನಾಂಕದೊಂದಿಗೆ ಬರೆದಿಡಿ. ಅಮೋನಿಯ ಇಳಿಯುತ್ತಿದ್ದಂತೆ ನೈಟ್ರೈಟ್ ಏರುತ್ತದೆ, ಅದು ಇಳಿಯುವಾಗ ನೈಟ್ರೇಟ್ ಏರುತ್ತದೆ. ನೈಟ್ರೈಟ್ ಇರುವವರೆಗೆ ನೈಟ್ರೇಟ್ ಕಿಟ್ ವಾಸ್ತವಕ್ಕಿಂತ ಹೆಚ್ಚು ತೋರಿಸುವುದುಂಟು, ಅದಕ್ಕೆ ಗಾಬರಿಯಾಗಬೇಡಿ. ಒಣಕಲ್ಲಿನ ತೊಟ್ಟಿಗೆ ಇದೆಲ್ಲ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದ ಕೆಲಸ. ಕೊನೆಯ ಪರೀಕ್ಷೆ ಸರಳ: ಮತ್ತೆ 2 ಪಿಪಿಎಂ ಅಮೋನಿಯ ಹಾಕಿದಾಗ 24 ಗಂಟೆಯೊಳಗೆ ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯಬೇಕು. ಇಳಿದರೆ ಸಂಗ್ರಹವಾದ ನೈಟ್ರೇಟ್ ತಗ್ಗಿಸಲು ಒಮ್ಮೆ ಧಾರಾಳವಾಗಿ ನೀರು ಬದಲಾಯಿಸಿ, ಮುಂದಿನ ಹಂತಕ್ಕೆ ಹೋಗಬಹುದು.

ದೀಪ ಹಚ್ಚಿದ ಬಳಿಕ ತೊಟ್ಟಿಯ ಅಂದ ಕೆಡುತ್ತದೆ. ಮೊದಲು ಮರಳಿನ ಮೇಲೆ ಕಂದು ಧೂಳಿನಂಥ ಡಯಾಟಮ್, ಬಳಿಕ ಕೂದಲಿನಂಥ ಹಸಿರು ಪಾಚಿ, ಒಮ್ಮೊಮ್ಮೆ ಕೆಂಪು ಲೋಳೆಯ ಹಾಸಿನಂತೆ ಸಯನೋಬ್ಯಾಕ್ಟೀರಿಯಾ. ಇದು ಹೊಸ ತೊಟ್ಟಿಯ ಸಹಜ ಹಂತ, ಮೂರ್ನಾಲ್ಕು ತಿಂಗಳು ಬಂದುಹೋಗುತ್ತಿರುತ್ತದೆ. ಕೈಯಿಂದ ಕಿತ್ತು, ನೀರು ಬದಲಾಯಿಸುವಾಗ ಕೊಳವೆಯಿಂದ ಹೀರಿ, ಆಹಾರ ಮಿತಗೊಳಿಸಿ. ಪಾಚಿಯ ಮೇಲಿನ ಸಿಟ್ಟಿಗೆ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸುವ ಔಷಧಗಳನ್ನು ಸುರಿಯುವವರಿದ್ದಾರೆ. ಪೋಷಕಾಂಶ ಸೊನ್ನೆಯಾದ ತೊಟ್ಟಿಯಲ್ಲಿ ಡೈನೋಫ್ಲಾಜೆಲೇಟ್ ಎಂಬ, ಗುಳ್ಳೆ ಹಿಡಿದ ಕಂದು ಎಳೆಗಳ ಲೋಳೆ ಹಬ್ಬುತ್ತದೆ. ಅದನ್ನು ಓಡಿಸುವುದು ಹಸಿರು ಪಾಚಿಗಿಂತ ಎಷ್ಟೋ ಕಷ್ಟ. ನೈಟ್ರೇಟ್ 2ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ನಡುವೆ ಇದ್ದರೆ ಅದನ್ನು ಮುಟ್ಟದೆ ಬಿಡಿ. ಕಲ್ಲಿನ ಮೇಲೆ ನೇರಳೆ ಬಣ್ಣದ ಕೊರಲೈನ್ ಪಾಚಿಯ ಚುಕ್ಕೆಗಳು ಕಾಣತೊಡಗಿದರೆ ತೊಟ್ಟಿ ಹದಕ್ಕೆ ಬರುತ್ತಿದೆ ಎಂದು ತಿಳಿಯಬಹುದು.

ಪಾಚಿ ಮೇಯುವವರನ್ನು ತರಲು ಇದು ಸಕಾಲ. ಟ್ರೋಕಸ್ ಬಸವನಹುಳು ಗಾಜು ಮತ್ತು ಕಲ್ಲನ್ನು ಚೆನ್ನಾಗಿ ಕೆರೆಯುತ್ತದೆ, ಮಗುಚಿ ಬಿದ್ದರೆ ತಾನೇ ಎದ್ದು ನಿಲ್ಲುತ್ತದೆ. ನಾಸೇರಿಯಸ್ ಮರಳೊಳಗೆ ಹುದುಗಿದ್ದು ಬಿದ್ದ ಆಹಾರವನ್ನು ತಿನ್ನುತ್ತದೆ. 180 ಲೀಟರಿಗೆ ಎಂಟು ಹತ್ತು ಸಾಕು. ಮಾರಾಟದ ಪ್ಯಾಕೇಜುಗಳಲ್ಲಿ ಕೊಡುವಷ್ಟು ತಂದರೆ ಪಾಚಿ ಮುಗಿದ ಮೇಲೆ ಅವು ಹಸಿದು ಸಾಯುತ್ತವೆ.

ಮೀನುಗಳು

ಪ್ರತಿ ಮೀನನ್ನೂ ಬೇರೆ ತೊಟ್ಟಿಯಲ್ಲಿ ನಾಲ್ಕು ವಾರವಾದರೂ ಕ್ವಾರಂಟೈನ್ ಮಾಡಬೇಕು. ಬೇಸರದ ಕೆಲಸವೆಂದು ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ, ಮೊದಲ ವರ್ಷದಲ್ಲಿ ಮೀನುಗಳೆಲ್ಲ ಒಟ್ಟಿಗೆ ಸಾಯುವುದೂ ಬಹುಪಾಲು ಇದರಿಂದಲೇ. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಎಬ್ಬಿಸುವ ಕ್ರಿಪ್ಟೊಕಾರಿಯಾನ್ ಇರಿಟಾನ್ಸ್ ಎಂಬ ಪರಾವಲಂಬಿ, ಮೀನನ್ನು ಬಿಟ್ಟು ಇಳಿದು, ಕಲ್ಲು ಮರಳಿನ ಮೇಲೆ ಕೋಶ ಕಟ್ಟಿಕೊಂಡು, ಅಲ್ಲಿಂದ ನೂರಾರು ಮರಿಗಳಾಗಿ ಹೊರಬರುತ್ತದೆ. ಚುಕ್ಕೆಗಳು ಮಾಯವಾದುದನ್ನು ಗುಣವಾಯಿತೆಂದು ಬಗೆಯುವುದು ಹಾಗಾಗಿ ತಪ್ಪು. ಇದಕ್ಕೆ ತಾಮ್ರದ ಔಷಧ ಕೆಲಸ ಮಾಡುತ್ತದೆ, ಆದರೆ ಹವಳದ ತೊಟ್ಟಿಗೆ ತಾಮ್ರವನ್ನು ಎಂದಿಗೂ ಹಾಕುವಂತಿಲ್ಲ. ರೋಗ ಒಮ್ಮೆ ಒಳಹೊಕ್ಕರೆ ಎಲ್ಲ ಮೀನುಗಳನ್ನೂ ಹಿಡಿದು ಬೇರೆಡೆ ಚಿಕಿತ್ಸೆ ಕೊಟ್ಟು, ಮುಖ್ಯ ತೊಟ್ಟಿಯನ್ನು ಹತ್ತು ಹನ್ನೊಂದು ವಾರ ಮೀನಿಲ್ಲದೆ ಖಾಲಿ ಬಿಡಬೇಕಾಗುತ್ತದೆ. ಇದರ ಮುಂದೆ, ಸ್ಪಂಜ್ ಫಿಲ್ಟರ್, ಹೀಟರ್ ಮತ್ತು ಅಡಗಲು ಪಿವಿಸಿ ಕೊಳವೆಯ ತುಂಡುಗಳಿರುವ 40 ಲೀಟರಿನ ಬರಿಗಾಜಿನ ತೊಟ್ಟಿ ಇಟ್ಟುಕೊಳ್ಳುವುದು ಎಷ್ಟೋ ಅಗ್ಗ.

ಕೊಳ್ಳುವ ಮುನ್ನ ಮೀನು ತಿನ್ನುವುದನ್ನು ಕಣ್ಣಾರೆ ನೋಡಿ. ಹೊಟ್ಟೆ ಒಳಸೇರಿದ, ಕಿವಿರು ಅವಸರವಾಗಿ ಬಡಿದುಕೊಳ್ಳುವ, ಮೂಲೆಯಲ್ಲಿ ಮೇಲ್ಮುಖವಾಗಿ ನಿಂತ ಮೀನನ್ನು ಕನಿಕರಕ್ಕೆ ತರಬೇಡಿ. ಸಾಕಾಣಿಕೆಯಲ್ಲಿ ಹುಟ್ಟಿದ ಮೀನು ಸಿಗುವಾಗ ಸಮುದ್ರದಿಂದ ಹಿಡಿದದ್ದನ್ನು ಕೊಳ್ಳಲು ಕಾರಣವಿಲ್ಲ. ಹಿಡಿಯುವಾಗ ಸಯನೈಡ್ ಬಳಸುವ ಪಿಡುಗು ಇನ್ನೂ ಪೂರ್ತಿ ಹೋಗಿಲ್ಲ.

180 ಲೀಟರಿನ ತೊಟ್ಟಿಗೆ ನಾಲ್ಕೈದು ಚಿಕ್ಕ ಮೀನು ಸಾಕು, ಶಾಂತ ಸ್ವಭಾವದವು ಮೊದಲು, ಜಗಳಗಂಟಿಗಳು ಕೊನೆಗೆ. ಓಸೆಲ್ಲಾರಿಸ್ ಕ್ಲೌನ್ ಮೀನು ಮೊದಲ ಆಯ್ಕೆಯಾಗಿರುವುದಕ್ಕೆ ಕಾರಣಗಳಿವೆ: ಸಾಕಾಣಿಕೆಯಲ್ಲಿ ಹುಟ್ಟಿದ್ದು ಸುಲಭವಾಗಿ ಸಿಗುತ್ತದೆ, ಕೊಟ್ಟದ್ದನ್ನು ತಿನ್ನುತ್ತದೆ, ಅನಿಮೋನಿ ಇಲ್ಲದೆಯೂ ಬಾಳುತ್ತದೆ. ಈ ಮೀನುಗಳು ಬೆಳೆಯುವಾಗ ಮೊದಲು ಗಂಡಾಗಿದ್ದು, ಜೋಡಿಯಲ್ಲಿ ಬಲಿಷ್ಠವಾದದ್ದು ಹೆಣ್ಣಾಗುತ್ತದೆ. ಆದ್ದರಿಂದ ಒಂದು ತುಸು ದೊಡ್ಡದು, ಒಂದು ಚಿಕ್ಕದು ಆರಿಸಿದರೆ ಜಗಳವಿಲ್ಲದೆ ಜೋಡಿಯಾಗುತ್ತವೆ. ಬಂಗ್ಗಾಯ್ ಕಾರ್ಡಿನಲ್ ಮೀನೂ ಒಳ್ಳೆಯದು, ಆದರೆ ಇಂಡೋನೇಷ್ಯಾದ ಬಂಗ್ಗಾಯ್ ದ್ವೀಪಗಳ ಈ ಮೀನು ತನ್ನ ನೆಲೆಯಲ್ಲಿ ಅಳಿವಿನಂಚಿನಲ್ಲಿರುವುದರಿಂದ ಸಾಕಾಣಿಕೆಯದ್ದನ್ನೇ ಕೇಳಿ ಪಡೆಯಿರಿ. ಮರಳಿನಲ್ಲಿ ಬಿಲ ತೋಡುವ ಪಿಸ್ತೂಲ್ ಸೀಗಡಿಯೊಂದಿಗೆ ಕಾವಲು ಗೋಬಿ ಮೀನನ್ನು ಬಿಟ್ಟರೆ, ದೃಷ್ಟಿ ಮಂದವಾದ ಸೀಗಡಿ ಒಂದು ಮೀಸೆಯನ್ನು ಸದಾ ಮೀನಿನ ಮೈಗೆ ತಾಗಿಸಿಕೊಂಡೇ ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಬಹುದು. ಮೀನು ಬಾಲ ಅದುರಿಸಿದರೆ ಸೀಗಡಿ ಬಿಲದೊಳಕ್ಕೆ. ಫೈರ್‌ಫಿಶ್, ಗೋಬಿಗಳು ತೊಟ್ಟಿಯಿಂದ ಹಾರಿ ಬೀಳುವುದರಿಂದ ಮೇಲೆ ಬಲೆಯ ಮುಚ್ಚಳ ಕಡ್ಡಾಯ.

ಬೇಡವೆನ್ನುವ ಪಟ್ಟಿಯೂ ಇದೆ. ನೀಲಿ ಟ್ಯಾಂಗ್ 30 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ಈ ಗಾತ್ರದ ತೊಟ್ಟಿ ಅದಕ್ಕೆ ಸೆರೆಮನೆ. ಕಣ್ಸೆಳೆಯುವ ಮ್ಯಾಂಡರಿನ್ ಮೀನು ಬಹುತೇಕ ಜೀವಂತ ಕೋಪೆಪಾಡುಗಳೆಂಬ ಪುಟ್ಟ ಕಠಿಣಚರ್ಮಿಗಳನ್ನೇ ತಿನ್ನುತ್ತದೆ, ಹೊಸ ತೊಟ್ಟಿಯಲ್ಲಿ ಅವು ಕೆಲವೇ ವಾರಗಳಲ್ಲಿ ಮುಗಿದು ಮೀನು ಸೊರಗಿ ಸಾಯುತ್ತದೆ. ಅನಿಮೋನಿಗೆ ಒಂದು ವರ್ಷವಾದರೂ ಹಳೆಯದಾದ ತೊಟ್ಟಿ ಬೇಕು. ಎಳೆಯ ತೊಟ್ಟಿಯಲ್ಲಿ ಅದು ಜಾಗ ಹುಡುಕುತ್ತ ಅಲೆದು ಪಂಪಿನ ಬಾಯಿಗೆ ಸಿಕ್ಕಿಕೊಳ್ಳುವುದು ಸಾಮಾನ್ಯ.

ತಂದ ಚೀಲವನ್ನು ಹದಿನೈದು ನಿಮಿಷ ನೀರಿನ ಮೇಲೆ ತೇಲಿಬಿಟ್ಟರೆ ಉಷ್ಣಾಂಶ ಸಮವಾಗುತ್ತದೆ. ಅನಂತರ ಸಣ್ಣ ಕೊಳವೆಯಿಂದ ಹನಿಹನಿಯಾಗಿ ತೊಟ್ಟಿಯ ನೀರು ಬಿಡುವ ಕ್ರಮ ಸೀಗಡಿ, ಬಸವನಹುಳುಗಳಿಗೆ ಅಗತ್ಯ. ದಿನಗಟ್ಟಲೆ ಪ್ರಯಾಣ ಮಾಡಿ ಬಂದ ಮೀನಿಗೆ ಮಾತ್ರ ಇದು ಅಪಾಯ: ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡು ಪಿಎಚ್ ಇಳಿದಿರುತ್ತದೆ, ಚೀಲ ತೆರೆದೊಡನೆ ಪಿಎಚ್ ಏರಿ ಅಲ್ಲಿಯವರೆಗೆ ನಿರುಪದ್ರವಿಯಾಗಿದ್ದ ಅಮೋನಿಯ ವಿಷವಾಗುತ್ತದೆ. ಅಂಥ ಮೀನಿಗೆ ಕ್ವಾರಂಟೈನ್ ತೊಟ್ಟಿಯ ಲವಣಾಂಶವನ್ನು ಮೊದಲೇ ಚೀಲದ ನೀರಿಗೆ ಹೊಂದಿಸಿಟ್ಟು ತಡಮಾಡದೆ ವರ್ಗಾಯಿಸಿ. ಚೀಲದ ನೀರು ಎಂದಿಗೂ ತೊಟ್ಟಿ ಸೇರಬಾರದು.

ಹವಳಗಳು

ಮೊದಲ ಹವಳಕ್ಕೆ ಮೂರನೆಯ ತಿಂಗಳು ಯೋಗ್ಯ ಸಮಯ. ಕಲ್ಲುಹವಳಗಳೆಲ್ಲ, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ, ಕೆಲವು ದೇಶಗಳಲ್ಲಿ ಹವಳ ಇಟ್ಟುಕೊಳ್ಳುವುದರ ಮೇಲೆಯೇ ಕಟ್ಟುನಿಟ್ಟಾದ ನಿಷೇಧವಿದೆ. ಕೊಳ್ಳುವ ಮುನ್ನ ನಿಮ್ಮಲ್ಲಿನ ಕಾನೂನು ತಿಳಿದುಕೊಳ್ಳಿ. ಅನುಮತಿ ಇರುವಲ್ಲಿಯೂ ತೊಟ್ಟಿಯಲ್ಲೇ ಬೆಳೆಸಿ ಕತ್ತರಿಸಿದ ತುಂಡುಗಳನ್ನು, ಹವ್ಯಾಸಿಗಳು ಫ್ರ್ಯಾಗ್ ಎನ್ನುವುದನ್ನು, ಆರಿಸಿ.

ಅಣಬೆ ಹವಳ ಮತ್ತು ಲೆದರ್ ಹವಳ ಆರಂಭಕ್ಕೆ ಸರಿ, ಕಡಿಮೆ ಬೆಳಕಿನಲ್ಲೂ ನಡೆಸುತ್ತವೆ. ಝೋವಾಂತಿಡ್‌ಗಳ ಬಣ್ಣ ಮನಮೋಹಕ, ಆದರೆ ಅವುಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ತೀವ್ರ ವಿಷವನ್ನು ಹೊಂದಿರುತ್ತವೆ. ಕೈಗವಸು, ಕನ್ನಡಕ ಇಲ್ಲದೆ ಅವನ್ನು ಕತ್ತರಿಸಬಾರದು, ಅವು ಅಂಟಿರುವ ಕಲ್ಲನ್ನು ಕುದಿಸುವುದು ಅಥವಾ ಬಿಸಿನೀರಿನಲ್ಲಿ ಉಜ್ಜುವುದು ಸರ್ವಥಾ ಕೂಡದು. ಆ ಹಬೆ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ಹಸಿರು ನಕ್ಷತ್ರ ಪಾಲಿಪ್ ಮತ್ತು ಝೀನಿಯಾ ಎರಡೂ ಕಲ್ಲಿನಿಂದ ಕಲ್ಲಿಗೆ ಹಬ್ಬಿ ಉಳಿದವನ್ನು ಮುಚ್ಚಿಬಿಡುತ್ತವೆ. ಅವನ್ನು ಮರಳಿನ ನಡುವೆ ಒಂಟಿಯಾಗಿ ನಿಂತ ಕಲ್ಲಿನ ಮೇಲೆ ಮಾತ್ರ ಕೂರಿಸಿ. ಆರು ತಿಂಗಳ ಮೇಲೆ ಹವ್ಯಾಸಿಗಳು ಯೂಫಿಲಿಯಾ ಎಂದು ಕರೆಯುವ ಟಾರ್ಚ್, ಹ್ಯಾಮರ್ ಹವಳಗಳಿಗೆ ಕೈಹಾಕಬಹುದು. ರಾತ್ರಿ ಉದ್ದಕ್ಕೆ ಚಾಚುವ ಅವುಗಳ ಕುಟುಕು ಎಳೆಗಳಿಗೆ ಸಿಗದಂತೆ ಸುತ್ತ 15 ಸೆಂಟಿಮೀಟರ್ ಜಾಗ ಬಿಡಬೇಕು.

ಹೊಸ ಹವಳವನ್ನು ನೇರವಾಗಿ ತೊಟ್ಟಿಗೆ ಇಳಿಸಬೇಡಿ. ಬಿಳಿಯ ಬಟ್ಟಲಲ್ಲಿ ತೊಟ್ಟಿಯ ನೀರು ತೆಗೆದುಕೊಂಡು ಕೀಟಗಳನ್ನು ಉದುರಿಸುವ ಹವಳದ ಡಿಪ್ ಔಷಧ ಬೆರೆಸಿ, ಹವಳವನ್ನು ಐದರಿಂದ ಹತ್ತು ನಿಮಿಷ ಅದ್ದಿಟ್ಟು, ನಡುನಡುವೆ ಪಿಪೆಟ್ಟಿನಿಂದ ಸಂದುಗಳಿಗೆ ನೀರು ಚಿಮ್ಮಿಸಿ. ಸ್ವಲ್ಪ ಹೊತ್ತಿಗೆ ಬಟ್ಟಲಿನ ತಳದಲ್ಲಿ ಏನೇನು ಉದುರಿದೆ ಎಂದು ನೋಡಿದರೆ ಈ ಹೆಜ್ಜೆಯ ಅಗತ್ಯವನ್ನು ಮತ್ತೆ ಯಾರೂ ವಿವರಿಸಬೇಕಾಗುವುದಿಲ್ಲ: ಚಪ್ಪಟೆ ಹುಳು, ಎಳೆಯಷ್ಟು ತೆಳು ಬಿರುಗೂದಲ ಹುಳು, ಹವಳ ತಿನ್ನುವ ಚಿಪ್ಪಿಲ್ಲದ ಬಸವನಹುಳು. ಡಿಪ್ ಮೊಟ್ಟೆಗಳನ್ನು ಕೊಲ್ಲುವುದಿಲ್ಲವಾದ್ದರಿಂದ ಹವಳ ಅಂಟಿರುವ ಬಿಲ್ಲೆಯನ್ನು ಕತ್ತರಿಸಿ ಎಸೆದು ಹೊಸ ಬಿಲ್ಲೆಗೆ ಅಂಟಿಸುವುದು ಕ್ಷೇಮ. ಸೂಪರ್‌ಗ್ಲೂ ಜೆಲ್ ಇದಕ್ಕೆ ಚೆನ್ನಾಗಿ ಒದಗುತ್ತದೆ.

ಮೊದಲು ಮರಳಿನ ಮಟ್ಟದಲ್ಲಿಟ್ಟು ಎರಡು ಮೂರು ವಾರದಲ್ಲಿ ಮೇಲಕ್ಕೆ ತನ್ನಿ. ದೀಪದ ತೀವ್ರತೆಯನ್ನೂ ಶೇ 30-40ರಿಂದ ಆರಂಭಿಸಿ ನಿಧಾನವಾಗಿ ಏರಿಸಿ. ಬೆಳಕು ಹೆಚ್ಚಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ, ಕಡಿಮೆಯಾದರೆ ಕಂದಾಗಿ ಬೆಳಕಿನತ್ತ ಉದ್ದಕ್ಕೆ ಚಾಚುತ್ತದೆ. ಎರಡನೆಯದನ್ನು ಸರಿಪಡಿಸುವುದು ಸುಲಭ. ಮುದುಡಿಕೊಂಡ ಹವಳವನ್ನು ದಿನಕ್ಕೊಂದು ಜಾಗಕ್ಕೆ ಬದಲಾಯಿಸುವ ಚಪಲ ಬಿಟ್ಟು, ವಾರ ಹತ್ತು ದಿನ ಅದನ್ನು ಅದರ ಪಾಡಿಗೆ ಬಿಡಿ.

ನಿತ್ಯದ ನಿಗಾ

ವಾರಕ್ಕೊಮ್ಮೆ ಶೇ 10ರಷ್ಟು ನೀರು ಬದಲಾಯಿಸುವುದರಿಂದಲೇ ಮೃದು ಹವಳದ ತೊಟ್ಟಿ ವರ್ಷಗಟ್ಟಲೆ ನಡೆಯುತ್ತದೆ. ಕಲ್ಲುಹವಳಗಳು ಬೆಳೆಯತೊಡಗಿದಾಗ ಮಾತ್ರ ಲೆಕ್ಕ ಬದಲಾಗುತ್ತದೆ, ಏಕೆಂದರೆ ಅವು ಅಸ್ಥಿಪಂಜರ ಕಟ್ಟಲು ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಹೀರುತ್ತವೆ. ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಮೆಗ್ನೀಸಿಯಂ 1250ರಿಂದ 1350 ಪಿಪಿಎಂ, ಕ್ಷಾರೀಯತೆ 7ರಿಂದ 10 ಡಿಕೆಎಚ್ (ಕ್ಷಾರೀಯತೆ ಅಳೆಯುವ ಮಾನ) ಇರಬೇಕು. ಮೂರರಲ್ಲಿ ಮೊದಲು ಕುಸಿಯುವುದೂ ಮೊದಲು ಹಾನಿ ಮಾಡುವುದೂ ಕ್ಷಾರೀಯತೆ. ಅದನ್ನು ದಿನದ ಒಂದೇ ಹೊತ್ತಿನಲ್ಲಿ ಅಳೆಯಿರಿ. ಸೋಮವಾರ 8.4 ಇದ್ದದ್ದು ಗುರುವಾರ 7.8 ಆಗಿದ್ದರೆ ಮೂರು ದಿನಕ್ಕೆ 0.6, ಅಂದರೆ ದಿನಕ್ಕೆ 0.2ರಷ್ಟು ಖರ್ಚಾಗುತ್ತಿದೆ. ಅಷ್ಟನ್ನೇ ತುಂಬುವಂತೆ ಎರಡು ಭಾಗದ ದ್ರಾವಣವನ್ನು (ಒಂದು ಕ್ಯಾಲ್ಸಿಯಂಗೆ, ಇನ್ನೊಂದು ಕ್ಷಾರೀಯತೆಗೆ) ದಿನವೂ ಸೇರಿಸಿ, ಒಂದು ಭಾಗಕ್ಕೂ ಇನ್ನೊಂದಕ್ಕೂ ನಡುವೆ ಸಾಕಷ್ಟು ಅಂತರ ಬಿಡಿ. ತೀರ ಇಳಿದಿದ್ದರೂ ಒಂದೇ ದಿನ ಅರ್ಧ ಡಿಕೆಎಚ್‌ಗಿಂತ ಹೆಚ್ಚು ಏರಿಸಬೇಡಿ. ಅಳೆಯಲಾಗದ ಯಾವ ವಸ್ತುವನ್ನೂ ತೊಟ್ಟಿಗೆ ಸುರಿಯಬೇಡಿ.

ಮೀನಿಗೆ ದಿನಕ್ಕೆ ಒಂದೆರಡು ಸಲ, ಎರಡು ನಿಮಿಷದೊಳಗೆ ತಿಂದು ಮುಗಿಸುವಷ್ಟು ಆಹಾರ ಸಾಕು. ಹೆಪ್ಪುಗಟ್ಟಿಸಿದ ಮೈಸಿಸ್ ಸೀಗಡಿಯನ್ನು ಕರಗಿಸಿ, ನೀರು ಬಸಿದು ಕೊಡಿ. ಐಪ್ಟೇಶಿಯಾ ಕಂಡರೆ ಕೈಯಿಂದ ಕೀಳಬೇಡಿ, ಹರಿದ ಪ್ರತಿ ಚೂರೂ ಹೊಸದಾಗಿ ಬೆಳೆಯುತ್ತದೆ. ಅದರ ಬಾಯಿಗೆ ಸುಣ್ಣದ ಗಟ್ಟಿ ಲೇಪವನ್ನು ಸಿರಿಂಜಿನಿಂದ ಹಾಕಿ.

ವಿದ್ಯುತ್ ಹೋದಾಗ ತೊಟ್ಟಿಯಲ್ಲಿ ಮೊದಲು ಮುಗಿಯುವುದು ಆಮ್ಲಜನಕ, ಶಾಖವಲ್ಲ. ಬ್ಯಾಟರಿಯಿಂದ ಓಡುವ ಗಾಳಿ ಪಂಪನ್ನು ಚಾರ್ಜ್ ಮಾಡಿ ಸ್ಟ್ಯಾಂಡಿನೊಳಗೇ ಇಟ್ಟಿರಿ, ವಿದ್ಯುತ್ ಇಲ್ಲದಿರುವಾಗ ಮೀನಿಗೆ ಆಹಾರ ಹಾಕಬೇಡಿ. ವಿದ್ಯುತ್ ಮರಳಿದ ಮೇಲೆ ರಿಟರ್ನ್ ಪಂಪ್ ಹತ್ತಿಕೊಂಡಿದೆಯೇ, ಸಂಪಿನ ನೀರು ಗೆರೆಯ ಮಟ್ಟಕ್ಕೆ ಬಂದಿದೆಯೇ, ಹೀಟರ್ ಪೂರ್ತಿ ನೀರಿನಲ್ಲಿ ಮುಳುಗಿದೆಯೇ ಎಂದು ಇದೇ ಕ್ರಮದಲ್ಲಿ ನೋಡಿ. ಮಟ್ಟ ತಪ್ಪಿರುವಾಗ ಟಾಪ್ ಆಫ್ ಸಾಧನ ಚಾಲೂ ಆಗಿದ್ದರೆ ಅದು ಸಂಪಿಗೆ ಅಗತ್ಯಕ್ಕಿಂತ ಹೆಚ್ಚು ಸಿಹಿನೀರು ತುಂಬಿರುತ್ತದೆ, ಆದ್ದರಿಂದ ಕೊನೆಗೊಮ್ಮೆ ಲವಣಾಂಶವನ್ನೂ ಅಳೆಯಿರಿ.